ಅಜ್ಜಿಯ ಬಿಳಿ ಸೀರೆ ಹಸಿರಾಗಿ ಬಂದಿದೆ: ಕಪ್ಪು–ಬಿಳುಪು ಚಿತ್ರಗಳನ್ನು ಮನೆಯಲ್ಲೇ ಮುದ್ರಿಸಲೇ, ಲ್ಯಾಬ್‌ಗೆ ಕೊಡಲೇ?

ಅಡಿಕೆತೋಟ (ಸಾಗರ), ಜುಲೈ 6

ಎಲ್ಲರಿಗೂ ನಮಸ್ಕಾರ. ಡಿಸೆಂಬರ್‌ನಲ್ಲಿ ನಮ್ಮೂರಿನ ಶಾಲೆಯ ಶತಮಾನೋತ್ಸವ. ಒಂದು ಕೊಠಡಿಯಲ್ಲಿ ನಾನು ತೆಗೆದ 20 ಕಪ್ಪು–ಬಿಳುಪು ಚಿತ್ರಗಳನ್ನು ತೂಗುಹಾಕಲು ಸಮಿತಿಯವರು ಒಪ್ಪಿದ್ದಾರೆ. ಎಲ್ಲವೂ 24 ಮೆಗಾಪಿಕ್ಸೆಲ್‌ನ ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆದವು. ಬೇಕಿರುವ ಅಳತೆ 12x18 ಇಂಚು.

ಪರೀಕ್ಷೆಗೆಂದು ಒಂದನ್ನು ಪೇಟೆಯ ಲ್ಯಾಬ್‌ಗೆ ಕೊಟ್ಟೆ. ಅಜ್ಜಿ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುತ್ತಿರುವ ಚಿತ್ರ. ಹಿಂದೆ ಜಗಲಿಯ ಕತ್ತಲೆ, ಮುಂದೆ ಬಿಳಿ ಸೀರೆಯ ನೆರಿಗೆ, ನಡುವೆ ಕತ್ತಿಯ ಅಲಗಿನ ಮೇಲೆ ಒಂದೇ ಗೆರೆ ಬೆಳಕು. ಮುದ್ರಣವಾಗಿ ಬಂದಾಗ ಸೀರೆ ಎಳೆ ಬಾಳೆಲೆಯ ಬಣ್ಣಕ್ಕೆ ತಿರುಗಿತ್ತು. ವಾಪಸು ಒಯ್ದೆ. ಎರಡನೆಯ ಸಲ ಸೀರೆ ಸರಿಯಾಯಿತು, ಜಗಲಿಯ ಕತ್ತಲೆ ನೇರಳೆಯಾಯಿತು. ಎರಡನ್ನೂ ಅಜ್ಜಿಗೆ ತೋರಿಸಿದೆ. “ಈ ಬಣ್ಣದ ಸೀರೆ ನನ್ನ ಹತ್ತಿರ ಇರಲೇ ಇಲ್ಲವಲ್ಲೋ” ಎಂದಳು.

ಈಗ ನನ್ನ ಪ್ರಶ್ನೆ. ಒಳ್ಳೆಯ ಪ್ರಿಂಟರ್ ಒಂದನ್ನು ಕೊಂಡುಬಿಡಲೇ? ಅಥವಾ ಬೇರೆ ಲ್ಯಾಬ್ ಹುಡುಕಲೇ? ಅಡಿಕೆಯ ದುಡ್ಡು ಬಂದಿದೆ, ಖರ್ಚಾಗುವ ಮೊದಲು ಹೇಳಿ.

ಕರಾವಳಿಮಳೆ (ಉಡುಪಿ), ಜುಲೈ 6

ಬೇಡ ಮಾರಾಯರೇ. ಕೈ ಸುಟ್ಟುಕೊಂಡವನು ಹೇಳುತ್ತಿದ್ದೇನೆ.

ನಾಲ್ಕು ವರ್ಷದ ಹಿಂದೆ ಟ್ಯಾಂಕ್ ಇರುವ ಆರು ಬಣ್ಣದ ಪ್ರಿಂಟರ್ ತಂದೆ. ಮೊದಲ ಮೂರು ತಿಂಗಳು ಮನೆಯವರು, ನೆರೆಯವರು, ದನ, ದೋಣಿ ಒಂದನ್ನೂ ಬಿಡದೆ ಮುದ್ರಿಸಿದೆ. ಆಮೇಲೆ ಕೆಲಸದ ಗಡಿಬಿಡಿಯಲ್ಲಿ ಒಂದೂವರೆ ತಿಂಗಳು ಮುಟ್ಟಲಿಲ್ಲ. ಮತ್ತೆ ಹಚ್ಚಿದಾಗ ಇಂಕು ಚಿಮ್ಮುವ ನಾಜಲ್ ಕಟ್ಟಿಕೊಂಡಿತ್ತು. ಹೆಡ್ ಕ್ಲೀನಿಂಗ್ ಒತ್ತಿದೆ, ಇನ್ನೊಮ್ಮೆ ಒತ್ತಿದೆ, ಒಟ್ಟು ಏಳು ಸಲ. ಕಾಗದದ ಮೇಲೆ ಬಿದ್ದದ್ದಕ್ಕಿಂತ ಹೆಚ್ಚು ಇಂಕು ಒಳಗಿನ ಸ್ಪಂಜಿನ ಪಾಲಾಯಿತು. ಮಳೆಗಾಲದ್ದು ಬೇರೆಯೇ ಕಥೆ. ಕಾಗದ ತೇವ ಕುಡಿದು ಅಂಚು ಹಪ್ಪಳದಂತೆ ಮೇಲೇಳುತ್ತದೆ, ಹೆಡ್ ಅದಕ್ಕೆ ಉಜ್ಜಿ ಉದ್ದಕ್ಕೂ ಕಪ್ಪು ಗೀಟು ಎಳೆಯುತ್ತದೆ. ಈಗ ಆ ಯಂತ್ರದ ಮೇಲೆ ಮಗಳ ಶಾಲೆಯ ಚೀಲ ಇರುತ್ತದೆ.

ಇಷ್ಟಾಗಿ ಅದರಲ್ಲಿ ಬೂದು ಇಂಕೇ ಇರಲಿಲ್ಲ. ಸಯಾನ್ (ಹಸಿರುನೀಲಿ), ಮಜೆಂಟಾ (ಕೆನ್ನೇರಳೆ), ಹಳದಿ ಕಲಸಿಯೇ ಬೂದು ಮಾಡಬೇಕು. ಬೆಳಗ್ಗೆ ಕಿಟಕಿಯ ಬಳಿ ಚೆನ್ನಾಗಿ ಕಾಣುವ ಚಿತ್ರ ಸಂಜೆ ಬಲ್ಬಿನ ಕೆಳಗೆ ಕೆಂಪಗೆ ಕಾಣುತ್ತಿತ್ತು. ನೀವು ಲ್ಯಾಬ್‌ನಿಂದ ಓಡಿಬಂದ ರೋಗವೇ ಮನೆಗೂ ಬರುತ್ತದೆ.

ಕತ್ತಲಕೋಣೆ (ಮೈಸೂರು), ಜುಲೈ 7

ಕಪ್ಪು–ಬಿಳುಪು ಮುದ್ರಣ ಎಂದರೆ ಬೆಳ್ಳಿ. ಉಳಿದದ್ದೆಲ್ಲ ಝೆರಾಕ್ಸಿನ ದಾಯಾದಿಗಳು.

ನಾನು ಬಚ್ಚಲುಮನೆಯ ಕಿಟಕಿಗೆ ಕಂಬಳಿ ಕಟ್ಟಿ, ಕೆಂಪು ಬಲ್ಬಿನ ಕೆಳಗೆ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ ‘ಇಂದು’ ಬ್ರೊಮೈಡ್ ಕಾಗದದ (ಬೆಳ್ಳಿಯ ಲವಣ ಲೇಪಿಸಿದ್ದು) ಮೇಲೆ ಕೆಲಸ ಕಲಿತವನು. ಡೆವಲಪರ್ ತಟ್ಟೆಯಲ್ಲಿ ಮುಖ ನಿಧಾನಕ್ಕೆ ಮೂಡುವುದನ್ನು ಒಮ್ಮೆ ಕಂಡವರಿಗೆ ಬಟನ್ ಒತ್ತಿ ಪಡೆದ ಹಾಳೆ ರುಚಿಸುವುದಿಲ್ಲ. ಛಾಯಾಗ್ರಾಹಕ ಟಿ. ಎಸ್. ಸತ್ಯನ್ ಅವರ ಚಿತ್ರಗಳನ್ನು ನೋಡಿ ಬೆಳೆದ ಊರು ನಮ್ಮದು. ಆ ಬೂದುಗಳ ಸಾಲು ನನ್ನ ಕಣ್ಣಲ್ಲಿ ಇನ್ನೂ ಇದೆ.

ಲ್ಯಾಬ್‌ಗಳಿಗೆ ಕಪ್ಪು–ಬಿಳುಪು ಬೇಕಾಗಿಲ್ಲ. ಅವರಿಗೆ ಬೇಕಿರುವುದು ಮದುವೆ ಆಲ್ಬಂ.

ಲ್ಯಾಬ್‌ಬಾಗಿಲು (ದಾವಣಗೆರೆ), ಜುಲೈ 7

ಮದುವೆ ಆಲ್ಬಂ ನಮ್ಮ ಅನ್ನ ಸರ್, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಹದಿನೆಂಟು ವರ್ಷದಿಂದ ಲ್ಯಾಬ್ ನಡೆಸುತ್ತಿದ್ದೇನೆ. ಅಡಿಕೆತೋಟ ಅವರ ಅಜ್ಜಿಯ ಸೀರೆಗೆ ಏನಾಯಿತು ಎಂದು ಹೇಳುತ್ತೇನೆ.

ನಮ್ಮ ಯಂತ್ರದಲ್ಲಿರುವುದು ಬಣ್ಣದ ಕಾಗದ. ಕೆಂಪು, ಹಸಿರು, ನೀಲಿ ಲೇಸರ್ ಅದರ ಮೇಲೆ ಬರೆಯುತ್ತವೆ. ಆಮೇಲೆ ಕಾಗದ ಡೆವಲಪರ್‌ಗೆ ಇಳಿಯುತ್ತದೆ, ಬ್ಲೀಚ್‌–ಫಿಕ್ಸ್‌ಗೆ ಇಳಿಯುತ್ತದೆ, ತೊಳೆದು ಒಣಗಿ ಹೊರಬರುತ್ತದೆ. ಆ ಕಾಗದದಲ್ಲಿಯೂ ಬೆಳ್ಳಿ ಇರುತ್ತದೆ, ಆದರೆ ಬ್ಲೀಚ್‌–ಫಿಕ್ಸ್ ಅದನ್ನು ಪೂರ್ತಿ ತೊಳೆದುಹಾಕುತ್ತದೆ. ಕೊನೆಗೆ ಉಳಿಯುವುದು ಸಯಾನ್, ಮಜೆಂಟಾ, ಹಳದಿ ಬಣ್ಣಗಳ ಮೂರು ಪದರ ಮಾತ್ರ. ನಿಮಗೆ ಕಾಣುವ ಕಪ್ಪು ಕಪ್ಪಲ್ಲ, ಮೂರು ಬಣ್ಣಗಳ ಒಪ್ಪಂದ. ಒಬ್ಬ ಸ್ವಲ್ಪ ಹಿಂದೆ ಸರಿದರೂ ಒಪ್ಪಂದ ಮುರಿಯುತ್ತದೆ. ಮದುಮಗಳ ಕೆಂಪು ಸೀರೆಯಲ್ಲಿ ಅದು ಗೊತ್ತಾಗುವುದಿಲ್ಲ. ಬೂದಿನಲ್ಲಿ ಮಾತ್ರ ತಕ್ಷಣ ಸಿಕ್ಕಿಬೀಳುತ್ತದೆ.

ಈಗ ಆಷಾಢ. ಮದುವೆಗಳಿಲ್ಲ. ಸಣ್ಣ ಊರಿನ ಯಂತ್ರ ದಿನಕ್ಕೆ ಅರ್ಧ ಗಂಟೆಯೂ ಓಡುವುದಿಲ್ಲ. ಕಾಗದ ಓಡಿದಷ್ಟೇ ಹೊಸ ರಸಾಯನ ತೊಟ್ಟಿಗೆ ಬರುತ್ತದೆ. ಓಡದಿದ್ದರೆ ಹಳೆಯದು ಗಾಳಿಗೆ ಕೆಡುತ್ತಾ ನಿಂತಿರುತ್ತದೆ. ಆಗ ತಿಳಿಯ ಭಾಗ ಹಸಿರಿಗೂ ಕಡುವಿನ ಭಾಗ ನೇರಳೆಗೂ ವಾಲುತ್ತದೆ. ನಾವು ಇದನ್ನು ಕ್ರಾಸ್‌ಓವರ್ ಎನ್ನುತ್ತೇವೆ. ಆಪರೇಟರ್ ಹಸಿರು ತೆಗೆಯಲು ಮಜೆಂಟಾ ಹಾಕಿದರೆ ಅದು ಇಡೀ ಚಿತ್ರಕ್ಕೆ ಬೀಳುತ್ತದೆ. ಸೀರೆ ಸರಿಹೋಗುತ್ತದೆ, ಜಗಲಿ ಕೆಡುತ್ತದೆ. ನಿಮಗೆ ಎರಡು ಸಲ ಬಂದದ್ದು ಇದೇ.

ಆದ್ದರಿಂದ ಕಪ್ಪು–ಬಿಳುಪನ್ನು ಶ್ರಾವಣ ಕಳೆದ ಮೇಲೆ ಕೊಡಿ, ಮದುವೆಗಳ ಭರಾಟೆ ಇರುವ ಲ್ಯಾಬ್‌ಗೆ ಕೊಡಿ. ತಮಾಷೆಯಲ್ಲ.

ಅಡಿಕೆತೋಟ (ಸಾಗರ), ಜುಲೈ 7

ಪಂಚಾಂಗ ನೋಡಿ ಫೋಟೋ ಪ್ರಿಂಟ್ ಹಾಕಿಸಬೇಕು ಎಂದು ಯಾರೂ ಹೇಳಿರಲಿಲ್ಲ! ಫೈಲನ್ನು ಹೇಗೆ ಕೊಡಬೇಕು? ನಾನು ಗ್ರೇಸ್ಕೇಲ್‌ನಲ್ಲಿ (ಬರೀ ಬೂದಿನ ಫೈಲ್) ಉಳಿಸಿ ಕೊಟ್ಟಿದ್ದೆ.

ಲ್ಯಾಬ್‌ಬಾಗಿಲು (ದಾವಣಗೆರೆ), ಜುಲೈ 8

ಗ್ರೇಸ್ಕೇಲ್ ಬೇಡ, ಕೆಲವು ಯಂತ್ರಗಳು ಅದನ್ನು ತೆಗೆದುಕೊಳ್ಳುವುದೇ ಇಲ್ಲ. ಕೆಂಪು–ಹಸಿರು–ನೀಲಿಯ ಆರ್‌ಜಿಬಿಗೆ ಬದಲಿಸಿ, ಎಸ್‌ಆರ್‌ಜಿಬಿ ಪ್ರೊಫೈಲ್ ಇಟ್ಟು, ಕಡಿಮೆ ಒತ್ತಿದ ಜೆಪೆಗ್ ಕೊಡಿ. 12x18ಕ್ಕೆ ಇಂಚಿಗೆ 300ರ ಲೆಕ್ಕದಲ್ಲಿ 3600x5400 ಪಿಕ್ಸೆಲ್ ಬೇಕು. ನಿಮ್ಮ 24 ಮೆಗಾಪಿಕ್ಸೆಲ್‌ನಲ್ಲಿ 4000x6000 ಇದೆ, ಆಕಾರವೂ ಎರಡಕ್ಕೆ ಮೂರರದೇ, ಕತ್ತರಿಸುವ ಗೋಜಿಲ್ಲ. ಲಕೋಟೆಯ ಮೇಲೆ “ಕರೆಕ್ಷನ್ ಬೇಡ” ಎಂದು ದಪ್ಪಗೆ ಬರೆಯಿರಿ. ಇಲ್ಲದಿದ್ದರೆ ನಮ್ಮ ಹುಡುಗರು ಅಭ್ಯಾಸಬಲದಿಂದ ಜಗಲಿಯ ಕತ್ತಲೆಯನ್ನು ಬೆಳ್ಳಗೆ ಮಾಡಿ, ಉಪಕಾರ ಮಾಡಿದೆವು ಎಂದುಕೊಳ್ಳುತ್ತಾರೆ.

ಇನ್ನೊಂದು ಉಪಾಯ. ಚಿತ್ರದ ಕೆಳಗಿನ ಅಂಚಿನಲ್ಲಿ, ಚೌಕಟ್ಟಿನೊಳಗೆ ಮರೆಯಾಗುವಂತೆ, ಬೂದಿನ ಪಟ್ಟಿ ಒಂದನ್ನು ಸೇರಿಸಿ. ಅಪ್ಪಟ ಬಿಳಿಯಿಂದ ಅಪ್ಪಟ ಕಪ್ಪಿನವರೆಗೆ, ನೂರಕ್ಕೆ ಐದರಂತೆ ಏರುವ 21 ಚೌಕ. ಮುದ್ರಣ ಕೈಗೆ ಬಂದಾಗ ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ನೋಡದೆ ಬಾಗಿಲ ಹೊರಗೆ ನೆರಳಿನಲ್ಲಿ ನಿಂತು ಪಟ್ಟಿಯನ್ನು ನೋಡಿ. ಎಲ್ಲ ಚೌಕವೂ ಒಂದೇ ಕಡೆ ವಾಲಿದ್ದರೆ ಆಪರೇಟರ್ ಸರಿಮಾಡಬಲ್ಲ. ಒಂದು ತುದಿ ಹಸಿರು, ಇನ್ನೊಂದು ತುದಿ ನೇರಳೆ ಆಗಿದ್ದರೆ ಅಂದು ಚಹಾ ಕುಡಿದು ಮನೆಗೆ ಹೋಗಿ.

ಯಂತ್ರ ಯಾವ ಬಗೆಯದು ಎಂದೂ ಕೇಳಿ. ಈಗ ಎಷ್ಟೋ ಲ್ಯಾಬ್‌ಗಳಲ್ಲಿ ರಸಾಯನವೇ ಇಲ್ಲ. ಒಳಗೆ ಇಂಕ್‌ಜೆಟ್ ಇರುತ್ತದೆ, ಇಲ್ಲವೇ ಟೋನರ್ ಪ್ರೆಸ್. ಆಲ್ಬಂಗೆ ಅದು ಸಾಕು, ಬೂದಿಗೆ ಅದರ ಬುದ್ಧಿಯೇ ಬೇರೆ.

ಬೂದುಬೆಕ್ಕು (ಬೆಂಗಳೂರು), ಜುಲೈ 8

ಲ್ಯಾಬ್‌ಬಾಗಿಲು ಅವರ ವಿವರಣೆ ಓದಿ ಖುಷಿಯಾಯಿತು. ಮನೆಯ ಪಕ್ಷದಿಂದ ನಾನು ಮಾತನಾಡುತ್ತೇನೆ, ಏಕೆಂದರೆ ಇಲ್ಲಿಯವರೆಗೆ ಮನೆಯನ್ನು ಬೈದವರೆಲ್ಲ ತಪ್ಪು ಯಂತ್ರವನ್ನು ಬೈದಿದ್ದಾರೆ.

ಕಪ್ಪು–ಬಿಳುಪಿಗೆ ಬೇಕಾದದ್ದು ಒಂದಕ್ಕಿಂತ ಹೆಚ್ಚು ಕಪ್ಪು ಇಂಕುಗಳಿರುವ ಪ್ರಿಂಟರ್. ಒಂದೇ ಕಪ್ಪು ಇದ್ದರೆ ತಿಳಿಬೂದನ್ನು ತೋರಿಸಲು ಚುಕ್ಕೆಗಳನ್ನು ದೂರದೂರ ಇಡಬೇಕು. ಅನ್ನದ ಮೇಲೆ ಎಳ್ಳು ಉದುರಿಸಿದಂತೆ ಕಾಣುತ್ತದೆ. ಕಪ್ಪು, ಬೂದು, ತಿಳಿಬೂದು ಮೂರೂ ಬೇರೆ ಬೇರೆ ಇದ್ದರೆ ಕೆನ್ನೆಯ ಮೇಲಿನ ಬೆಳಕು ನುಣ್ಣಗೆ ಇಳಿಯುತ್ತದೆ. ಎಪ್ಸನ್ 2005ರಲ್ಲಿ ಆರ್2400 ಯಂತ್ರದೊಡನೆ ಮೂರು ಕಪ್ಪಿನ ಪಿಗ್ಮೆಂಟ್ ಇಂಕು (ಕರಗದ ಬಣ್ಣದ ಪುಡಿ ಇರುವುದು) ತಂದಿತು. ಕಪ್ಪು–ಬಿಳುಪಿಗೆಂದೇ ಒಂದು ಮೋಡ್ ಕೂಡ ಅದರಲ್ಲಿತ್ತು. ಅದರಲ್ಲಿ ಕೆಲಸದ ಬಹುಪಾಲು ಈ ಕಪ್ಪು–ಬೂದುಗಳದ್ದೇ, ಬಣ್ಣದ ಇಂಕು ಒಗ್ಗರಣೆಯಷ್ಟು. ಹಾಗಾಗಿ ಬೆಳಕು ಬದಲಾದರೂ ಚಿತ್ರ ಬಣ್ಣ ಬದಲಿಸುವುದಿಲ್ಲ. ಆಮೇಲೆ ಬಂದ ಎಪ್ಸನ್‌ನ ಪಿ700, ಪಿ900, ಕ್ಯಾನನ್‌ನ ಪ್ರೊ–300, ಪ್ರೊ–1000 ಎಲ್ಲವೂ ಬೂದು ಇಂಕಿರುವ ಈ ಕುಲದವು. ಟ್ಯಾಂಕ್ ಬೇಕೆಂದರೆ ಎಪ್ಸನ್ ಎಲ್8180ರಲ್ಲಿ ಒಂದು ಬೂದು ಇಂಕು ಇದೆ. ಇಂಕಿನ ಖರ್ಚು ಕಡಿಮೆ. ಆದರೆ ಫೋಟೋಗೆ ಅದು ಬಳಸುವುದು ಡೈ ಇಂಕು (ಕರಗಿದ ಬಣ್ಣ), ಪಿಗ್ಮೆಂಟಿನಷ್ಟು ಬಾಳಿಕೆಯನ್ನು ಅದರಿಂದ ನಿರೀಕ್ಷಿಸಬೇಡಿ. 12x18 ಬೇಕಾದವರು ಎ4 ಯಂತ್ರದ ಕಡೆ ನೋಡಲೇಬಾರದು. ಕನಿಷ್ಠ 13x19 ಇಂಚಿನ ಹಾಳೆ ನುಂಗುವಂಥದ್ದು ಬೇಕು.

ಕಾಗದದ ವಿಷಯ ನನ್ನ ದೌರ್ಬಲ್ಯ, ಸ್ವಲ್ಪ ಸಹಿಸಿಕೊಳ್ಳಿ. ಹತ್ತಿಯಿಂದ ಮಾಡಿದ, ಹೊಳಪಿಲ್ಲದ ಮ್ಯಾಟ್ ಕಾಗದ ಒಂದು ಜಾತಿ. ಹಾನೆಮ್ಯೂಲೆಯ 308 ಗ್ರಾಂ ಫೋಟೋ ರ್‍ಯಾಗ್ ಅದರಲ್ಲಿ ಹೆಸರಾದದ್ದು. ಇನ್ನೊಂದು ಬರೈಟಾ, ಹಳೆಯ ಡಾರ್ಕ್‌ರೂಂ ಕಾಗದದ ಹೊಳಪಿರುವುದು. ಮ್ಯಾಟ್‌ನಲ್ಲಿ ಅತಿ ಕಡು ಕಪ್ಪಿನ ಸಾಂದ್ರತೆ 1.7ರ ಆಸುಪಾಸು, ಅಂದರೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎರಡು ಪಾಲು ವಾಪಸು ಬರುತ್ತದೆ. ಬರೈಟಾದಲ್ಲಿ 2.3ರಷ್ಟು, ಅಂದರೆ ನೂರಕ್ಕೆ ಅರ್ಧ ಪಾಲು. ಕಾಗದದ ಮೇಲಿನ ಈ ಅಂಕಿಯನ್ನು ನೋಡಿ ಎಲ್ಲರೂ ಬರೈಟಾ ಎನ್ನುತ್ತಾರೆ. ನಾನು ಎನ್ನುವುದಿಲ್ಲ. ಮ್ಯಾಟ್‌ನ ಕಪ್ಪು ಒಲೆಯ ಮಸಿಯ ಕಪ್ಪು. ಜಗಲಿಯ ಕತ್ತಲೆಗೆ, ಅಜ್ಜಿಯ ಕೈಯ ಸುಕ್ಕಿಗೆ ಅದೇ ಒಪ್ಪುತ್ತದೆ.

ಇಷ್ಟೆಲ್ಲ ಹೇಳಿ ಈಗ ನನ್ನ ಸಲಹೆ: ಪ್ರಿಂಟರ್ ಕೊಳ್ಳಬೇಡಿ.

20 ಚಿತ್ರಕ್ಕಾಗಿ ಪ್ರಿಂಟರ್ ಕೊಳ್ಳುವುದು ಒಂದು ಲೋಟ ಹಾಲಿಗೆ ಎಮ್ಮೆ ಕಟ್ಟಿದಂತೆ. ನನ್ನ ಯಂತ್ರದಲ್ಲಿ ಹತ್ತು ಕಾರ್ಟ್ರಿಜ್. ಒಂದು ಖಾಲಿಯಾದರೆ ಉಳಿದ ಒಂಬತ್ತು ತುಂಬಿದ್ದರೂ ಅದು ಮುಂದಕ್ಕೆ ಹೋಗುವುದಿಲ್ಲ. ಕ್ಲೀನಿಂಗ್‌ನ ಇಂಕು ಸುರಿಯುವ ಪೆಟ್ಟಿಗೆಯನ್ನೂ ದುಡ್ಡು ಕೊಟ್ಟೇ ತರಬೇಕು. ವಾರಕ್ಕೊಂದು ಹಾಳೆಯಾದರೂ ಮುದ್ರಿಸುವವರ ಮನೆಯಲ್ಲಿ ಮಾತ್ರ ಅದು ಆರೋಗ್ಯವಾಗಿರುತ್ತದೆ.

ಕರಾವಳಿಮಳೆ (ಉಡುಪಿ), ಜುಲೈ 8

ಅಷ್ಟುದ್ದ ಹೊಗಳಿ ಕೊನೆಗೆ ನನ್ನ ಮಾತಿಗೇ ಬಂದಿರಿ ಮೇಡಂ. ಮೂಗಿಗಿಂತ ಮೂಗುತಿ ಭಾರ. ಲ್ಯಾಬ್‌ನಲ್ಲಿ 8x12 ಒಂದಕ್ಕೆ ಮಸಾಲೆ ದೋಸೆಯ ದುಡ್ಡು. ಕೆಟ್ಟು ಬಂದರೆ ಹಠ ಮಾಡಿ ಇನ್ನೊಂದು ಹಾಕಿಸಬಹುದು. ಮನೆಯಲ್ಲಿ ಹತ್ತಿ ಕಾಗದ ಕೆಟ್ಟರೆ ಯಾರ ಹತ್ತಿರ ಹಠ ಮಾಡುವುದು?

ಬೂದುಬೆಕ್ಕು (ಬೆಂಗಳೂರು), ಜುಲೈ 8

ದುಡ್ಡಿನ ಲೆಕ್ಕದಲ್ಲಿ ನೀವೇ ಸರಿ, ಎಂದೂ ಅಲ್ಲಗಳೆದಿಲ್ಲ. ನಾನು ಪ್ರಿಂಟರ್ ಇಟ್ಟುಕೊಂಡಿರುವುದು ಬೇರೆ ಕಾರಣಕ್ಕೆ. ರಾತ್ರಿ ಹನ್ನೊಂದಕ್ಕೆ ಒಂದು ಮುಖದ ನೆರಳು ಭಾರವಾಯಿತು ಎನ್ನಿಸಿದರೆ, ಆ ಭಾಗವನ್ನಷ್ಟೇ ನಾಲ್ಕು ಬೆರಳಗಲದ ತುಂಡಿನ ಮೇಲೆ ಮೂರು ಬಗೆಯಲ್ಲಿ ಮುದ್ರಿಸುತ್ತೇನೆ. ಬೆಳಗ್ಗೆ ಕಾಫಿ ಕುಡಿಯುತ್ತಾ ನೋಡುತ್ತೇನೆ. ರಾತ್ರಿ ಆರಿಸಿದ್ದು ಬೆಳಗ್ಗೆ ಸರಿಕಾಣುವುದು ಅಪರೂಪ. ಲ್ಯಾಬ್‌ಗೆ ಕೊಟ್ಟು ಎರಡು ದಿನ ಕಾಯುವವರಿಗೆ ಈ ತಿದ್ದಾಟ ಸಿಗುವುದಿಲ್ಲ. ಕೈಗೆ ಬಂದದ್ದಕ್ಕೆ ಒಗ್ಗಿಕೊಂಡುಬಿಡುತ್ತಾರೆ.

ಕತ್ತಲಕೋಣೆ (ಮೈಸೂರು), ಜುಲೈ 9

ನೀವು ಹೇಳುತ್ತಿರುವುದು ಟೆಸ್ಟ್ ಸ್ಟ್ರಿಪ್. ಅದನ್ನು ನಾವು ಬಚ್ಚಲುಮನೆಯಲ್ಲಿ ಕಾಗದ ಉಳಿಸಲು ಮಾಡುತ್ತಿದ್ದೆವು. ಒಂದು ತುಂಡಿಗೆ ಐದು ಸೆಕೆಂಡ್ ಬೆಳಕು, ಇನ್ನೊಂದಕ್ಕೆ ಹತ್ತು ಸೆಕೆಂಡ್, ಮತ್ತೊಂದಕ್ಕೆ ಹದಿನೈದು. ಸರಿ, ಝೆರಾಕ್ಸ್ ಎಂದದ್ದನ್ನು ಅರ್ಧ ವಾಪಸು ತೆಗೆದುಕೊಳ್ಳುತ್ತೇನೆ.

ಉಳಿದರ್ಧ ಹಾಗೆಯೇ ಇರಲಿ. ನನ್ನ ಹಳೆಯ ಶಿಷ್ಯನೊಬ್ಬ ಡಿಜಿಟಲ್ ಚಿತ್ರವನ್ನು ತಿರುವುಮುರುವು ಮಾಡಿ, ಪಾರದರ್ಶಕ ಹಾಳೆಯ ಮೇಲೆ ಇಂಕ್‌ಜೆಟ್‌ನಿಂದ ನೆಗೆಟಿವ್ ಮುದ್ರಿಸುತ್ತಾನೆ. ಅದನ್ನು ಬ್ರೊಮೈಡ್ ಕಾಗದಕ್ಕೆ ಒತ್ತಿ ಹಿಡಿದು ಬೆಳಕು ಕೊಡುತ್ತಾನೆ. ಚಿತ್ರ ಎಷ್ಟು ದೊಡ್ಡದೋ ನೆಗೆಟಿವ್ ಅಷ್ಟೇ ದೊಡ್ಡದಿರಬೇಕು, ಚಿತ್ರ ಹಿಗ್ಗಿಸುವ ಎನ್‌ಲಾರ್ಜರ್ ಬೇಡ. ಡಿಜಿಟಲ್ ಹುಡುಗನಿಂದ ನಾನು ಕಲಿತ ಒಂದೇ ಒಳ್ಳೆಯ ವಿದ್ಯೆ.

ಮಂಜಿನೂರು (ಮ್ಯಾಂಚೆಸ್ಟರ್), ಜುಲೈ 9

ಮೂಲತಃ ತೀರ್ಥಹಳ್ಳಿಯವನು. ಕತ್ತಲಕೋಣೆ ಸರ್ ಹೇಳುವ ಬೆಳ್ಳಿಯನ್ನೇ ಕೊಡುವ ಲ್ಯಾಬ್‌ಗಳೂ ಇವೆ. ನಮಗೆ ಹತ್ತಿರದ ಮಾಬರ್ಲಿಯಲ್ಲಿ ಇಲ್ಫೋರ್ಡ್ ಫಿಲ್ಮ್ ಮತ್ತು ಕಾಗದ ತಯಾರಾಗುತ್ತದೆ. ಅವರದೇ ಹಾರ್ಮನ್ ಲ್ಯಾಬ್ ಡಿಜಿಟಲ್ ಫೈಲನ್ನು ಅಪ್ಪಟ ಕಪ್ಪು–ಬಿಳುಪು ಬೆಳ್ಳಿ ಕಾಗದದ ಮೇಲೆ ಮುದ್ರಿಸಿ ಅಂಚೆಯಲ್ಲಿ ಕಳುಹಿಸುತ್ತದೆ. ಬಣ್ಣದ ಪದರವೇ ಇಲ್ಲದ ಕಾಗದವಾದ್ದರಿಂದ ಹಸಿರು, ನೇರಳೆಯ ಮಾತೇ ಇಲ್ಲ. ನಾನು ಅಪ್ಪನ ಚಿತ್ರ ಹಾಕಿಸಿದ್ದೆ. ಒಂದೇ ದೂರು: ಕಾಗದದ ಛಾಯೆ ನನಗೆ ಬೇಕಾದದ್ದಕ್ಕಿಂತ ತಣ್ಣಗಿತ್ತು, ಅಪ್ಪನ ಮುಖ ಇಲ್ಲಿಯ ಹವೆಯಂತೆ ಕಂಡಿತು.

ಕಪ್ಪುಹಕ್ಕಿ (ಹುಬ್ಬಳ್ಳಿ), ಜುಲೈ 10

ಸ್ಪರ್ಧೆಗೆ ಕಳುಹಿಸುವವರಿಗೆ ಒಂದು ಮಾತು. ಎಫ್‌ಐಎಪಿ (ಛಾಯಾಚಿತ್ರ ಕಲೆಯ ಅಂತರರಾಷ್ಟ್ರೀಯ ಒಕ್ಕೂಟ) ವ್ಯಾಖ್ಯೆಯ ಪ್ರಕಾರ ಇಡೀ ಚಿತ್ರಕ್ಕೆ ಒಂದೇ ಛಾಯೆ ಕೊಟ್ಟರೆ ಅದು ಮಾನೊಕ್ರೋಮ್ (ಏಕವರ್ಣ) ಆಗಿಯೇ ಉಳಿಯುತ್ತದೆ. ಒಂದು ಭಾಗಕ್ಕೆ ಮಾತ್ರ ಬಣ್ಣ ಬಂದರೆ ಬಣ್ಣದ ವಿಭಾಗಕ್ಕೆ ಸೇರುತ್ತದೆ. ಸೀರೆ ಹಸಿರು, ಜಗಲಿ ನೇರಳೆ ಆದ ಮುದ್ರಣವನ್ನು ಕಳುಹಿಸಿ ಅದೃಷ್ಟ ಪರೀಕ್ಷಿಸಬೇಡಿ.

ಅಡಿಕೆತೋಟ (ಸಾಗರ), ಜುಲೈ 12

ಎಲ್ಲರ ಮಾತನ್ನೂ ಒಂದು ಪುಸ್ತಕದಲ್ಲಿ ಬರೆದುಕೊಂಡೆ. ಇನ್ನೊಂದು ಅನುಮಾನ. ಬಣ್ಣ ಬಿಡಿ, ಎರಡೂ ಮುದ್ರಣಗಳು ಪರದೆಯ ಮೇಲೆ ಕಂಡದ್ದಕ್ಕಿಂತ ಬಹಳ ಕಪ್ಪಗಿವೆ. ಅಜ್ಜಿಯ ಹಿಂದಿನ ಕಂಬ ಕಾಣುವುದೇ ಇಲ್ಲ.

ಬೂದುಬೆಕ್ಕು (ಬೆಂಗಳೂರು), ಜುಲೈ 12

ಅದು ಲ್ಯಾಬ್‌ನ ತಪ್ಪಲ್ಲ, ನಿಮ್ಮ ಪರದೆಯದು. ಅಂಗಡಿಯಿಂದ ಬಂದ ಪರದೆಗಳು ದೀಪಾವಳಿಯಂತೆ ಉರಿಯುತ್ತಿರುತ್ತವೆ. ಮುದ್ರಣದ ಕೆಲಸಕ್ಕೆ ಪರದೆಯ ಬೆಳಕು ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾ ಇದ್ದರೆ ಸಾಕು. ಅಳೆಯುವ ಉಪಕರಣ ಇಲ್ಲದಿದ್ದರೆ ಹೀಗೆ ಮಾಡಿ. ಹಗಲು ಬೆಳಕು ಹದವಾಗಿ ಬೀಳುವ ಕಡೆ ಕುಳಿತು, ಪರದೆಯ ಮೇಲೆ ಖಾಲಿ ಬಿಳಿ ಪುಟ ತೆರೆಯಿರಿ, ಪಕ್ಕದಲ್ಲಿ ನಿಜವಾದ ಬಿಳಿ ಹಾಳೆ ಹಿಡಿಯಿರಿ. ಎರಡೂ ಸಮನಾಗಿ ಕಾಣುವವರೆಗೆ ಪರದೆಯ ಬೆಳಕನ್ನು ಇಳಿಸಿ. ಆಮೇಲೆ ಚಿತ್ರಗಳನ್ನೆಲ್ಲ ಮತ್ತೆ ತೆರೆದು ನೋಡಿ. ಹೊಟ್ಟೆ ಉರಿಯುತ್ತದೆ, ಸಿದ್ಧರಾಗಿ.

ಅಡಿಕೆತೋಟ (ಸಾಗರ), ಜುಲೈ 13

ಉರಿಯಿತು. ನೂರರಲ್ಲಿದ್ದದ್ದನ್ನು 30ಕ್ಕೆ ಇಳಿಸಿದ ಮೇಲೆ ಎರಡೂ ಸಮ ಕಂಡವು. ಮುದ್ರಣದಲ್ಲಿ ಕಾಣದ ಕಂಬ ಈಗ ಪರದೆಯಲ್ಲಿಯೂ ಕಾಣುತ್ತಿಲ್ಲ. 20 ಚಿತ್ರಗಳನ್ನೂ ಮೊದಲಿನಿಂದ ತಿದ್ದಬೇಕು.

ಬೂದುಬೆಕ್ಕು (ಬೆಂಗಳೂರು), ಜುಲೈ 13

ತಿದ್ದಿ ಆದಮೇಲೆ ಬೆಂಗಳೂರಿಗೆ ಬರುವ ಕೆಲಸವಿದ್ದರೆ ಮೂರು ಚಿತ್ರ ತೆಗೆದುಕೊಂಡು ಬನ್ನಿ. ಮೂರೇ. ಕಾಗದದ ಖರ್ಚು ನಿಮ್ಮದು, ಇಂಕು ನನ್ನದು. ಉಳಿದ ಹದಿನೇಳನ್ನು ಲ್ಯಾಬ್‌ಬಾಗಿಲು ಅವರ ಪಟ್ಟಿ ಸೇರಿಸಿ ಲ್ಯಾಬ್‌ಗೆ ಕೊಡಿ.

ಅಡಿಕೆತೋಟ (ಸಾಗರ), ಡಿಸೆಂಬರ್ 22

ಕಥೆಯ ಕೊನೆ ಹೇಳದೆ ಮಾಯವಾದೆ, ಕ್ಷಮಿಸಿ. ಅಡಿಕೆಯ ಕೊನೆಕೊಯ್ಲು ಶುರುವಾದರೆ ನಮಗೆ ದಿನ, ವಾರ ತಿಳಿಯುವುದಿಲ್ಲ.

ನವೆಂಬರ್‌ನಲ್ಲಿ, ಮದುವೆಗಳು ಶುರುವಾದ ಮೇಲೆ, ಹದಿನೇಳು ಚಿತ್ರಗಳನ್ನು ಲ್ಯಾಬ್‌ಗೆ ಕೊಟ್ಟೆ. ಅಚ್ಚರಿಯೆಂದರೆ ಅದೇ ಪೇಟೆಯ ಅದೇ ಲ್ಯಾಬ್. ಬೂದಿನ ಪಟ್ಟಿ ನೋಡಿದ ಆಪರೇಟರ್ ಹುಡುಗ “ಇದೇನು ಸರ್, ರಂಗೋಲಿಯೇ?” ಎಂದು ಕೇಳಿದ. ವಿವರಿಸಿದೆ. ಮೊದಲ ಹಾಳೆಯಲ್ಲಿ 21 ಚೌಕವೂ ಒಂದೇ ಸಮ ನೀಲಿಗೆ ವಾಲಿದ್ದವು. ಅವನೇ ಹೊರಗೆ ಬಂದು ನೆರಳಿನಲ್ಲಿ ನಿಂತು ನೋಡಿ, ಒಳಗೆ ಹೋಗಿ ಎರಡು ಗುಂಡಿ ಒತ್ತಿದ. ಎರಡನೆಯ ಹಾಳೆಯಲ್ಲಿ ಹುಡುಕಿದರೂ ಬಣ್ಣ ಸಿಗಲಿಲ್ಲ. ಈಗ ಆ ಪಟ್ಟಿಯನ್ನು ಅವನೇ ತನ್ನ ಕಂಪ್ಯೂಟರ್‌ನಲ್ಲಿ ಇಟ್ಟುಕೊಂಡಿದ್ದಾನೆ.

ಮೂರು ಚಿತ್ರಗಳು ಬೂದುಬೆಕ್ಕು ಮೇಡಂ ಅವರ ಮನೆಯಲ್ಲಿ ಹತ್ತಿ ಕಾಗದದ ಮೇಲೆ ಆದವು. ಅಜ್ಜಿಯದು ಅದರಲ್ಲಿ ಒಂದು. ಸೀರೆಯ ನೆರಿಗೆಗೆ ಮಾತ್ರ ಐದು ತುಂಡು ಪರೀಕ್ಷೆ, ಮಧ್ಯಾಹ್ನದ ಊಟ ಅವರ ಮನೆಯಲ್ಲೇ. ಶಾಲೆಯಲ್ಲಿ ಇಪ್ಪತ್ತನ್ನೂ ಒಟ್ಟಿಗೆ ತೂಗುಹಾಕಿದೆವು. ಗಾಜಿನ ಹಿಂದೆ ಹೋದ ಮೇಲೆ ಯಾವುದು ಲ್ಯಾಬ್‌ನದು, ಯಾವುದು ಮನೆಯದು ಎಂದು ಒಬ್ಬರೂ ಕೇಳಲಿಲ್ಲ. ನಿಜ ಹೇಳಬೇಕೆಂದರೆ ಆರು ಅಡಿ ದೂರದಿಂದ ನನಗೂ ತಿಳಿಯಲಿಲ್ಲ.

ಆದರೆ ಚೌಕಟ್ಟು ಹಾಕುವ ಮೊದಲು ಅಜ್ಜಿಯ ಕೈಗೆ ಕೊಟ್ಟಿದ್ದೆ. ಅವಳು ಚಿತ್ರವನ್ನು ನೋಡುವ ಮೊದಲು ಕಾಗದವನ್ನು ಸವರಿದಳು. “ಇದು ಕಾಗದವೋ, ಬಟ್ಟೆಯೋ?” ಅಡಿಕೆ ಸುಲಿಯುತ್ತಿದ್ದಲ್ಲಿಂದ ಎದ್ದು ಬಂದಿದ್ದಳು, ಹೆಬ್ಬೆರಳಿನಲ್ಲಿ ಚೊಗರು ಇತ್ತು. ಬಿಳಿ ಅಂಚಿನ ಮೇಲೆ ಕಂದು ಗುರುತು ಹಾಗೆಯೇ ಕುಳಿತಿತು. ಲ್ಯಾಬ್‌ನ ಪ್ರಿಂಟಾಗಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿಬಿಡಬಹುದಿತ್ತು. ಇದನ್ನು ಹತ್ತಿ ಕುಡಿದುಬಿಟ್ಟಿದೆ. ಗುರುತು ಕಾಣದಂತೆ ಚೌಕಟ್ಟು ಹಾಕಿಸಿ ಶಾಲೆಗೆ ಕೊಟ್ಟಿದ್ದೆ. ಈಗ ಆ ಪ್ರತಿಯನ್ನು ಬಿಚ್ಚಿ ನಾನೇ ಇಟ್ಟುಕೊಳ್ಳುತ್ತೇನೆ. ಶಾಲೆಯವರಿಗೆ ಇನ್ನೊಂದು ಬೇಕು.

ಬೂದುಬೆಕ್ಕು (ಬೆಂಗಳೂರು), ಡಿಸೆಂಬರ್ 22

ಫೈಲ್ ಇದೆ, ಅದೇ ಕಾಗದದ ಎರಡು ಹಾಳೆಯೂ ಉಳಿದಿವೆ. ಮೂರು ವಾರದಿಂದ ಯಂತ್ರ ಹಚ್ಚಿಲ್ಲ, ಇವತ್ತು ರಾತ್ರಿ ನಾಜಲ್ ಪರೀಕ್ಷಿಸಿ ಹೇಳುತ್ತೇನೆ. ಕರಾವಳಿಮಳೆ ಅವರು ನಗಬಾರದು.